ವಿದ್ಯುಚ್ಛಾಸ್ತ್ರ ವ್ಯಾಸಂಗದ ಸೋಪಾನಗಳು

ಕನ್ನಡ ಪಂಡಿತನೊಬ್ಬನು ವಿದ್ಯುತ್ತಿನ ವಿಷಯವಾಗಿ ಬರೆಯಹೊರಡುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗಾದರೂ ತೋರಬಹುದು. ನಾನು ಓದಿದ್ದು ವ್ಯಾಕರಣ, ಛಂದಸ್ಸು, ಅಲಂಕಾರ. ಬೋಧಿಸುತ್ತ ಬಂದದ್ದು ಹಳಗನ್ನಡ ಕಾವ್ಯ. ಮನೆಯಲ್ಲಿ ಫ್ಯೂಸು ಹೋದರೆ ಇಂದಿಗೂ ನೆರೆಮನೆಯವರನ್ನು ಕರೆಯುವವನು ನಾನು. ಆದರೂ ಈ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಶಾಲೆಯಿಂದ ಹೊರಟ ಮಕ್ಕಳಲ್ಲಿ ಕೆಲವರು ಮುಂದೆ ವಿದ್ಯುತ್ ಎಂಜಿನಿಯರಿಂಗ್ ಪದವಿ ತರಗತಿಗೆ ಸೇರುತ್ತಾರೆ. ಅವರ ಹೆಸರುಗಳನ್ನು ವಾರ್ಷಿಕ ವರದಿಯಲ್ಲಿ ಓದಿ ನಾವು ಸಂತೋಷಪಡುತ್ತೇವೆ. ಉದಾರಿಗಳಾದ ದಾನಿಗಳು ವಿದ್ಯಾರ್ಥಿವೇತನ ನೀಡಿ ಹರಸುತ್ತಾರೆ. ಆದರೆ ಆ ಮಕ್ಕಳು ಅಲ್ಲಿ ಏನನ್ನು ಓದುತ್ತಾರೆ, ಯಾವ ಕ್ರಮದಲ್ಲಿ ಓದುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನಾವು ಬಲ್ಲೆವೆ? ನಾನಂತೂ ಬಲ್ಲವನಾಗಿರಲಿಲ್ಲ. ಅಷ್ಟಿಷ್ಟು ತಿಳಿದುಕೊಂಡದ್ದು ಒಬ್ಬ ಶಿಷ್ಯನ ದೆಸೆಯಿಂದ.

೨೦೧೫ರ ಶಿವರಾತ್ರಿಯ ಹೊತ್ತಿಗೆ ಆ ಹುಡುಗ ನನ್ನ ಮನೆಗೆ ಬಂದ. ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವನು, ಚುರುಕಾದವನು, ಹತ್ತನೆಯ ತರಗತಿಯಲ್ಲಿದ್ದಾಗ ನಾನು ಆಡಿಸಿದ ನಾಟಕದಲ್ಲಿ ಮುಖ್ಯ ಪಾತ್ರವನ್ನು ವಹಿಸಿದವನು. ಎಂಜಿನಿಯರಿಂಗ್ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಗಣಿತ ಮತ್ತು ವಿದ್ಯುಚ್ಛಾಸ್ತ್ರದ ಮೂಲತತ್ತ್ವಗಳು ಎಂಬ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಅವನಿಗೆ ದೊರೆಯುತ್ತಿದ್ದ ಧನಸಹಾಯದ ನಿಯಮದಂತೆ ಅನುತ್ತೀರ್ಣನಾದವನಿಗೆ ಮುಂದಿನ ಕಂತು ಇರಲಿಲ್ಲ. "ಓದನ್ನು ಬಿಟ್ಟುಬಿಡುತ್ತೇನೆ ಗುರುಗಳೆ, ವೈರಿಂಗ್ ಕೆಲಸ ಕಲಿತು ಬದುಕುತ್ತೇನೆ" ಎಂದ. ವೈರಿಂಗ್ ಕೆಲಸವೇನೂ ಕೀಳಲ್ಲ, ಅದೂ ಕಾಯಕವೇ. ಆದರೆ ಅವನು ಅದನ್ನು ಆರಿಸಿಕೊಂಡು ಹೊರಟಿರಲಿಲ್ಲ, ಸೋತು ಹೊರಟಿದ್ದ. ನಾನು ಅವನ ಟಿಪ್ಪಣಿ ಪುಸ್ತಕವನ್ನು ತರಿಸಿ, "ನಿನಗೆ ತಿಳಿಯದೆ ಹೋದ ಮೊದಲನೆಯ ಪುಟ ಯಾವುದಪ್ಪಾ, ಅದನ್ನು ತೆಗೆ" ಎಂದೆ. ಅವನು ಹಿಂದುಹಿಂದಕ್ಕೆ ಹಾಳೆಗಳನ್ನು ತಿರುವುತ್ತ ಒಂದು ಕಡೆ ನಿಂತು, "ಇಲ್ಲದ ಸಂಖ್ಯೆಯನ್ನಿಟ್ಟುಕೊಂಡು ಇರುವ ವಿದ್ಯುತ್ತನ್ನು ಲೆಕ್ಕ ಹಾಕುತ್ತಾರೆ ಗುರುಗಳೆ. ಇಲ್ಲಿಂದಾಚೆಗೆ ನನಗೆ ಏನೂ ತಿಳಿಯಲಿಲ್ಲ" ಎಂದ.

ಆ ಪುಟದಲ್ಲಿ ಏನಿತ್ತೆಂಬುದನ್ನು ಹೇಳುವ ಮೊದಲು ಈ ವ್ಯಾಸಂಗದ ಒಟ್ಟು ಸ್ವರೂಪವನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಉಚಿತ.

ವ್ಯಾಸಂಗದ ಕ್ರಮ

ವಿದ್ಯುತ್ ಎಂಜಿನಿಯರಿಂಗ್ ಪದವಿಯ ಅವಧಿ ನಾಲ್ಕು ವರ್ಷ. ವರ್ಷಕ್ಕೆರಡರಂತೆ ಎಂಟು ಸೆಮಿಸ್ಟರುಗಳು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೧೮ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮವು ಇಡೀ ಪದವಿಗೆ ಸುಮಾರು ೧೬೦ ಕ್ರೆಡಿಟ್‌ಗಳನ್ನು ಗೊತ್ತುಪಡಿಸಿದೆ. ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಗಳ ಪ್ರಯೋಗವು ಸೆಮಿಸ್ಟರಿನುದ್ದಕ್ಕೂ ನಡೆದರೆ ಒಂದು ಕ್ರೆಡಿಟ್ ಎಂದು ಲೆಕ್ಕ. ನಮ್ಮ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದಲ್ಲಿವೆ.

ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ನಕ್ಷೆ ಬರೆಯುವ ವಿದ್ಯೆ, ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಪಾಠ, ವಿದ್ಯುತ್ತಿನ ಮೂಲತತ್ತ್ವಗಳು. ಎರಡನೆಯ ವರ್ಷದಲ್ಲಿ ವಿದ್ಯುನ್ಮಂಡಲಗಳ ವಿಶ್ಲೇಷಣೆ, ಇಲೆಕ್ಟ್ರಾನಿಕ್ಸ್, ಟ್ರಾನ್ಸ್‌ಫಾರ್ಮರು, ಜನರೇಟರು, ಮೋಟಾರುಗಳೆಂಬ ಯಂತ್ರಗಳು, ವಿದ್ಯುತ್ಕಾಂತ ಕ್ಷೇತ್ರ. ಮೂರನೆಯ ವರ್ಷದಲ್ಲಿ ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ಜಾಲ, ನಿಯಂತ್ರಣ ವ್ಯವಸ್ಥೆ, ಅರೆವಾಹಕಗಳ ಮೂಲಕ ವಿದ್ಯುಚ್ಛಕ್ತಿಯನ್ನು ಮಾರ್ಪಡಿಸುವ ವಿದ್ಯೆ. ಕೊನೆಯ ವರ್ಷದಲ್ಲಿ ಜಾಲದ ರಕ್ಷಣೆ, ಅಧಿಕ ವೋಲ್ಟೇಜಿನ ಶಾಸ್ತ್ರ, ವಿದ್ಯಾರ್ಥಿಯೇ ಕೈಗೊಳ್ಳುವ ಯೋಜನಾಕಾರ್ಯ. ಕಾಲೇಜಿನಿಂದ ಕಾಲೇಜಿಗೆ, ಕಾಲದಿಂದ ಕಾಲಕ್ಕೆ ಪತ್ರಿಕೆಗಳ ಹೆಸರುಗಳು ಕೊಂಚ ಬದಲಾಗುತ್ತವೆ. ಕ್ರಮವು ಬಹುತೇಕ ಇದೇ.

ಈ ಪಟ್ಟಿಯನ್ನು ನೋಡಿದಾಗ ನನಗೆ ನೆನಪಾದದ್ದು ಕೇಶಿರಾಜನ ಶಬ್ದಮಣಿದರ್ಪಣ. ಅಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಎಂದು ಪ್ರಕರಣಗಳು ಸಾಗುತ್ತವೆ. ವರ್ಣಗಳನ್ನರಿಯದವನಿಗೆ ಸಂಧಿಯಿಲ್ಲ, ನಾಮಪದವನ್ನರಿಯದವನಿಗೆ ಸಮಾಸವಿಲ್ಲ. ಕಾವ್ಯವನ್ನಾದರೆ ನಡುವಿನ ಒಂದು ಪದ್ಯವನ್ನು ಬಿಟ್ಟು ಮುಂದಿನದನ್ನು ಸವಿಯಬಹುದು. ಶಾಸ್ತ್ರದಲ್ಲಿ ಹಾಗೆ ಬಿಡಲಾಗದು. ವಿದ್ಯುತ್ ಎಂಜಿನಿಯರಿಂಗ್ ಅಂತಹ ಶಾಸ್ತ್ರ. ಅದರ ನಾಲ್ಕು ವರ್ಷಗಳ ಸೌಧವು ಮೊದಲ ವರ್ಷದ ಕೆಲವೇ ಕೆಲವು ಕಲ್ಲುಗಳ ಮೇಲೆ ನಿಂತಿದೆ. ನನ್ನ ಶಿಷ್ಯನು ಎಡವಿದ್ದು ಅಂತಹ ಒಂದು ಕಲ್ಲನ್ನು.

ಆ ಪುಟದಲ್ಲಿದ್ದುದು

ಮೊದಲ ಪಾಠಗಳು ಸುಲಭ. ಜರ್ಮನಿಯ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟೇಜನ್ನು ತಂತಿಯ ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಕಿರ್ಖಾಫನು ೧೮೪೫ರಲ್ಲಿ ಹೇಳಿದ ಮೊದಲ ನಿಯಮದಂತೆ ತಂತಿಗಳು ಕೂಡುವ ಜಾಗಕ್ಕೆ ಎಷ್ಟು ಪ್ರವಾಹ ಬರುತ್ತದೆಯೋ ಅಷ್ಟೇ ಹೊರಟುಹೋಗುತ್ತದೆ. ಗದ್ದೆಗೆ ನೀರು ಹಾಯಿಸುವ ರೈತನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆ ಕವಲೊಡೆದಾಗ ನೀರಿನ ಲೆಕ್ಕವೂ ಹೀಗೆಯೇ. ಬ್ಯಾಟರಿಯಿಂದ ಬರುವ ನೇರ ಪ್ರವಾಹಕ್ಕೆ ಇಷ್ಟೇ ಸಾಕು.

ಆದರೆ ನಮ್ಮ ಮನೆಗಳಿಗೆ ಬರುವುದು ಪರ್ಯಾಯ ಪ್ರವಾಹ. ಅದು ಒಂದು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಒಂದು ಆವರ್ತಕ್ಕೆ ಒಂದು ಸೆಕೆಂಡಿನ ಐವತ್ತರಲ್ಲೊಂದು ಪಾಲು ಕಾಲ. ಈ ಪ್ರವಾಹವನ್ನು ತಂತಿಯ ಸುರುಳಿಯೊಂದರಲ್ಲಿ ಹರಿಸಿದಾಗ ಒಂದು ವಿಶೇಷ ಸಂಭವಿಸುತ್ತದೆ. ಇಂಗ್ಲೆಂಡಿನ ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ಪ್ರೇರಣೆಯ ತತ್ತ್ವದಿಂದಾಗಿ ಸುರುಳಿಯು ಪ್ರವಾಹದ ಪ್ರತಿಯೊಂದು ಬದಲಾವಣೆಯನ್ನೂ ವಿರೋಧಿಸುತ್ತದೆ. ಹೇರು ತುಂಬಿದ ಗಾಡಿಯು ಎತ್ತುಗಳು ಎಳೆದೊಡನೆ ಓಡದೆ ತಡವಾಗಿ ವೇಗಗೊಳ್ಳುವಂತೆ, ಸುರುಳಿಯಲ್ಲಿ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ರೋಧವೇ ಇಲ್ಲದ ಸುರುಳಿಯಾದರೆ ಹಿಂದೆ ಬೀಳುವುದು ಸರಿಯಾಗಿ ಕಾಲು ಆವರ್ತದಷ್ಟು.

ಹೀಗೆ ಸುರುಳಿಗೆ ಎರಡು ಬಗೆಯ ತಡೆಗಳುಂಟು: ತಂತಿಯ ರೋಧವೊಂದು, ಪ್ರೇರಣೆಯಿಂದಾದ ಪ್ರತಿರೋಧವೊಂದು. ಮೊದಲನೆಯದು ೩ ಓಮ್, ಎರಡನೆಯದು ೪ ಓಮ್ ಇದ್ದರೆ ಒಟ್ಟು ತಡೆ ಎಷ್ಟು? ಏಳೆಂದು ನಾನು ಥಟ್ಟನೆ ಹೇಳಿದೆ. ಉತ್ತರ ಐದು. ಇಲ್ಲಿಯೇ ನನ್ನ ಶಿಷ್ಯನೂ ನಾನೂ ಒಂದೇ ಕತ್ತಲೆಯಲ್ಲಿದ್ದೆವು.

ಮರುದಿನ ಅವನನ್ನು ಕರೆದುಕೊಂಡು ನಮ್ಮ ಶಾಲೆಯ ಗಣಿತದ ಅಧ್ಯಾಪಕರ ಮನೆಗೆ ಹೋದೆ. ಅವರು ಪುಸ್ತಕವನ್ನು ಮುಟ್ಟಲಿಲ್ಲ. ಹುಡುಗನನ್ನು ಅಂಗಳದಲ್ಲಿ ಪೂರ್ವಾಭಿಮುಖವಾಗಿ ನಿಲ್ಲಿಸಿ, "ಮೂರು ಹೆಜ್ಜೆ ನಡೆ; ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡೆ" ಎಂದರು. ಹೊರಟ ಜಾಗದಿಂದ ನಿಂತ ಜಾಗಕ್ಕೆ ನೇರವಾಗಿ ಹೆಜ್ಜೆ ಎಣಿಸಿದರೆ ಐದು. ಲಂಬಕೋನ ತ್ರಿಭುಜದ ಈ ಲೆಕ್ಕವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಓದಿದವರೇ. ಎರಡು ತಡೆಗಳು ಒಂದೇ ದಿಕ್ಕಿನವಲ್ಲ. ಒಂದಕ್ಕೊಂದು ಕಾಲು ಸುತ್ತಿನಷ್ಟು ತಿರುಗಿ ನಿಂತಿವೆ. ಆದುದರಿಂದ ಅವನ್ನು ಕೂಡಿಸುವುದು ಅಂಗಳದಲ್ಲಿ ನಡೆದಂತೆಯೇ.

ಅನಂತರ ಅವರು ಮತ್ತೊಂದು ಮಾತು ಹೇಳಿದರು. "ಪೂರ್ವಕ್ಕೆ ಮುಖ ಮಾಡಿದವನು ಎಡಕ್ಕೆ ಒಮ್ಮೆ ತಿರುಗಿದರೆ ಉತ್ತರ, ಇನ್ನೊಮ್ಮೆ ತಿರುಗಿದರೆ ಪಶ್ಚಿಮ. ಪಶ್ಚಿಮವೆಂದರೆ ಪೂರ್ವಕ್ಕೆ ವಿರುದ್ಧ, ಎಂದರೆ ಋಣ. ಎರಡು ಸಲ ಮಾಡಿದಾಗ ಋಣವಾಗುವ ಕ್ರಿಯೆ ಯಾವುದು?" ಹುಡುಗ ಅರೆಕ್ಷಣ ಸುಮ್ಮನಿದ್ದು, "ಎಡಕ್ಕೆ ತಿರುಗುವುದು" ಎಂದ. "ಅದೇ ಋಣ ಒಂದರ ವರ್ಗಮೂಲ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಜೆ ಎಂದು ಹೆಸರು. ಜೆ ಎಂದರೆ ಎಡಕ್ಕೆ ತಿರುಗು ಎಂಬ ಅಪ್ಪಣೆ, ಅಷ್ಟೇ." ಗಣಿತಜ್ಞರು ಇದನ್ನು ಐ ಅಕ್ಷರದಿಂದ ಸೂಚಿಸುತ್ತಾರಂತೆ, ವಿದ್ಯುಚ್ಛಾಸ್ತ್ರದಲ್ಲಿ ಐ ಪ್ರವಾಹದ ಸಂಕೇತವಾದುದರಿಂದ ಎಂಜಿನಿಯರರು ಅದರ ಮುಂದಿನ ಅಕ್ಷರವನ್ನು ತೆಗೆದುಕೊಂಡರು.

ಹುಡುಗನ ಮುಖ ಬೆಳಗಿತು. ನನ್ನ ಮನಸ್ಸು ಮಾತ್ರ ಆ ಹೆಸರಿನ ಕಡೆಗೆ ಹರಿಯಿತು. ಕನ್ನಡ ಪಠ್ಯದಲ್ಲಿ ಇದಕ್ಕೆ ಕಾಲ್ಪನಿಕ ಸಂಖ್ಯೆಯೆಂದು ಹೆಸರು. ಫ್ರಾನ್ಸಿನ ದೇಕಾರ್ತನು ೧೬೩೭ರ ತನ್ನ ರೇಖಾಗಣಿತ ಗ್ರಂಥದಲ್ಲಿ ಬಳಸಿದ ಮಾತಿನ ಭಾಷಾಂತರ ಅದು. ಇಂತಹ ಸಂಖ್ಯೆಗಳಿಗೆ ದಿಕ್ಕಿನ ಅರ್ಥ ಹೊಳೆಯದಿದ್ದ ಕಾಲದ ಹೆಸರು. ಅರ್ಥ ಹೊಳೆದ ಮೇಲೂ ಹೆಸರು ಉಳಿಯಿತು. ಕಾಲ್ಪನಿಕವೆಂದರೆ ಇಲ್ಲದ್ದು ಎಂದು ನನ್ನ ಶಿಷ್ಯ ತಿಳಿದದ್ದರಲ್ಲಿ ತಪ್ಪೇನು? ಪದಕ್ಕೆ ಅರ್ಥ ಹೇಳುವ ವೃತ್ತಿಯವನು ನಾನೇ ಆ ಪದವನ್ನು ಒಮ್ಮೆಯೂ ಅವನ ಮುಂದೆ ಬಿಡಿಸಿರಲಿಲ್ಲ.

ಈ ತಿರುವಿನ ಲೆಕ್ಕವನ್ನು ವಿದ್ಯುತ್ತಿಗೆ ಹೊಂದಿಸಿ ಶಾಸ್ತ್ರಕ್ಕೆ ರಾಜಮಾರ್ಗವನ್ನು ಮಾಡಿಕೊಟ್ಟವನು ಸ್ಟೈನ್‌ಮೆಟ್ಸ್. ಜರ್ಮನ್ ಮನೆತನದಲ್ಲಿ ೧೮೬೫ರಲ್ಲಿ ಹುಟ್ಟಿ, ೧೮೮೯ರಲ್ಲಿ ಅಮೆರಿಕಕ್ಕೆ ವಲಸೆ ಹೋದ, ಬೆನ್ನು ಗೂನಾಗಿದ್ದ ಈ ಮೇಧಾವಿಯು ೧೮೯೩ರಲ್ಲಿ ಷಿಕಾಗೋ ನಗರದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನಕ್ಕೆ ತನ್ನ ಪ್ರಬಂಧವನ್ನು ಒಪ್ಪಿಸಿದನು. ಅದರ ಫಲವಾಗಿ, ಕ್ಷಣಕ್ಷಣಕ್ಕೂ ಬದಲಾಗುವ ಪ್ರವಾಹವನ್ನು ಕುರಿತ ಕಠಿಣ ಸಮೀಕರಣಗಳ ಬದಲು ಕೂಡುವ, ಗುಣಿಸುವ ಲೆಕ್ಕಗಳೇ ಸಾಕಾದವು. ಇಂದಿಗೂ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ವಿಧಾನವನ್ನೇ ಕಲಿಸುತ್ತಾರೆ.

ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ

ಈ ಒಂದು ಪುಟ ತಿಳಿದರೆ ಮುಂದೆ ಎಷ್ಟು ಬಾಗಿಲುಗಳು ತೆರೆಯುತ್ತವೆಂಬುದನ್ನು ನೋಡೋಣ. ಮೇಲೆ ಹೇಳಿದ ಸುರುಳಿಯನ್ನು ೨೩೦ ವೋಲ್ಟಿಗೆ ಜೋಡಿಸಿದರೆ ಹರಿಯುವ ಪ್ರವಾಹ ೪೬ ಆಂಪಿಯರ್. ಎರಡನ್ನೂ ಗುಣಿಸಿದರೆ ೧೦,೫೮೦. ಆದರೆ ವಾಸ್ತವವಾಗಿ ವ್ಯಯವಾಗುವ ಶಕ್ತಿ ೬,೩೪೮ ವ್ಯಾಟ್ ಮಾತ್ರ, ಎಂದರೆ ಹತ್ತರಲ್ಲಿ ಆರು ಪಾಲು. ಈ ಆರು ಪಾಲಿಗೆ ಶಕ್ತಿ ಗುಣಾಂಕವೆಂದು ಹೆಸರು. ಅದು ಮತ್ತೇನೂ ಅಲ್ಲ, ಆ ತ್ರಿಭುಜದ ಮೂರನ್ನು ಐದರಿಂದ ಭಾಗಿಸಿದ್ದು. ಉಳಿದ ಪ್ರವಾಹವು ಕೆಲಸ ಮಾಡದೆ ತಂತಿಯಲ್ಲಿ ಹೋಗಿಬಂದು ಅದನ್ನು ಬಿಸಿ ಮಾಡುತ್ತದೆ. ತೋಟದ ಪಂಪುಸೆಟ್ಟಿನ ಪಕ್ಕದಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯನ್ನು ಅಳವಡಿಸಿರೆಂದು ವಿದ್ಯುತ್ ಕಂಪನಿಯವರು ರೈತರಿಗೆ ಹೇಳುವುದು ಇದಕ್ಕಾಗಿ. ಅದರಲ್ಲಿ ಪ್ರವಾಹವು ವೋಲ್ಟೇಜಿಗಿಂತ ಮುಂದಿರುವುದರಿಂದ ಮೋಟಾರಿನ ಹಿಂದುಳಿಕೆಯನ್ನು ಅದು ಸರಿದೂಗಿಸುತ್ತದೆ. ಎಡಕ್ಕೆ ತಿರುಗಿದವನನ್ನು ಬಲಕ್ಕೆ ತಿರುಗಿಸಿದಂತೆ.

ಎರಡನೆಯ ವರ್ಷದ ಪ್ರಯೋಗಶಾಲೆಯಲ್ಲಿ ಟ್ರಾನ್ಸ್‌ಫಾರ್ಮರಿನ ಪರೀಕ್ಷೆಗಳಿವೆ. ಒಂದು ಬದಿಯನ್ನು ತೆರೆದಿಟ್ಟು ಪೂರ್ಣ ವೋಲ್ಟೇಜನ್ನು ಕೊಟ್ಟರೆ ಕಬ್ಬಿಣದ ತಿರುಳಿನಲ್ಲಾಗುವ ನಷ್ಟ ತಿಳಿಯುತ್ತದೆ. ಒಂದು ಬದಿಯ ತುದಿಗಳನ್ನು ಕೂಡಿಸಿ ಅಲ್ಪ ವೋಲ್ಟೇಜಿನಲ್ಲಿ ಪೂರ್ಣ ಪ್ರವಾಹವನ್ನು ಹರಿಸಿದರೆ ತಾಮ್ರದ ತಂತಿಯ ನಷ್ಟ ತಿಳಿಯುತ್ತದೆ. ಪೂರ್ಣ ಹೊರೆಯನ್ನು ಹೊರಿಸದೆಯೇ, ಹೊರಿಸಿದಾಗ ಅದು ಹೇಗೆ ನಡೆದುಕೊಂಡೀತೆಂಬುದನ್ನು ಈ ಎರಡು ಪರೀಕ್ಷೆಗಳಿಂದ ಹೇಳಬಹುದು. ಶಿಷ್ಯರನ್ನು ಪರೀಕ್ಷಿಸುವ ನಮಗೂ ಇಂತಹ ಉಪಾಯವೊಂದಿದ್ದರೆ ಎಷ್ಟು ಚೆನ್ನ ಎನಿಸಿತು!

ಮೂರನೆಯ ವರ್ಷದಲ್ಲಿ ವಿದ್ಯುತ್ತಿನ ದೂರ ಸಾಗಣೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಪಾಲು ಪ್ರವಾಹದಿಂದ ಸಾಗಿಸಬಹುದು. ತಂತಿಯಲ್ಲಿ ಶಾಖವಾಗಿ ಪೋಲಾಗುವ ನಷ್ಟವು ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ತತ್ತ್ವದ ಬಲದಿಂದಲೇ ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ೧೪೭ ಕಿಲೋಮೀಟರ್ ದೂರ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಇನ್ನು ನಮ್ಮ ಕಣ್ಣೆದುರಿನ ಘಟನೆ: ೨೦೧೩ರ ಡಿಸೆಂಬರ್ ೩೧ರಂದು ೭೬೫ ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲವು ಉಳಿದ ಭಾರತದ ಜಾಲದೊಡನೆ ಒಂದಾಯಿತು. ಎರಡು ಜಾಲಗಳನ್ನು ಹೀಗೆ ಕೂಡಿಸುವಾಗ ವೋಲ್ಟೇಜು, ಆವರ್ತ ಸಂಖ್ಯೆಗಳು ಹೊಂದಿದರಷ್ಟೇ ಸಾಲದು. ಎರಡೂ ಒಂದೇ ಲಯದಲ್ಲಿ, ಒಂದೇ ಗಳಿಗೆಯಲ್ಲಿ ಏರಿ ಇಳಿಯುವಂತಿರಬೇಕು. ಸಮೂಹ ಗಾಯನದಲ್ಲಿ ಶ್ರುತಿ ಸೇರಿದ ಮಾತ್ರಕ್ಕೆ ಆಯಿತೆ? ತಾಳವೂ ಕೂಡಬೇಕು. ಆ ಹೊಂದಾಣಿಕೆಯನ್ನು ಅಳೆಯುವುದು ಯಾವುದರಿಂದ? ಅಂಗಳದಲ್ಲಿ ಹುಡುಗನು ಎಡಕ್ಕೆ ತಿರುಗಿದ ಆ ಕೋನದಿಂದಲೇ.

ಮೊದಲ ಸೆಮಿಸ್ಟರಿನ ಆ ಒಂದು ಪುಟವನ್ನು ಬಿಟ್ಟವನಿಗೆ ಇವೆಲ್ಲವೂ ಮುಚ್ಚಿದ ಬಾಗಿಲುಗಳು. ಕಂಠಪಾಠದಿಂದ ಒಂದೆರಡು ಪತ್ರಿಕೆಗಳನ್ನು ದಾಟಬಹುದು, ಶಾಸ್ತ್ರವನ್ನು ದಾಟಲಾಗದು.

ಒಂದು ತಪ್ಪೊಪ್ಪಿಗೆ

ಇಷ್ಟು ಬುದ್ಧಿವಂತನಾದ ಹುಡುಗನಿಗೆ ತ್ರಿಭುಜದ ಲೆಕ್ಕ ಏಕೆ ಹಿಡಿಯಲಿಲ್ಲವೆಂದು ನಾನು ಗಣಿತದ ಅಧ್ಯಾಪಕರನ್ನು ಕೇಳಿದೆ. ಅವರು ಸಂಕೋಚದಿಂದಲೇ ಉತ್ತರಿಸಿದರು: "ತ್ರಿಕೋನಮಿತಿಯ ಪಾಠದ ದಿನಗಳಲ್ಲಿ ಅವನು ನಾಟಕದ ಅಭ್ಯಾಸದಲ್ಲಿದ್ದ. ನನ್ನ ಅವಧಿಗಳನ್ನು ತಾವೇ ಕೇಳಿ ಪಡೆದಿದ್ದಿರಿ." ನನಗೆ ಮಾತು ಹೊರಡಲಿಲ್ಲ. ವಾರ್ಷಿಕೋತ್ಸವದಲ್ಲಿ ಆ ನಾಟಕಕ್ಕೆ ಬಂದ ಕರತಾಡನ ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಪದವಿಪೂರ್ವ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗ ಹುಡುಗನು ಸೂತ್ರಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ; ಬಿರುಕು ಮುಚ್ಚಿಹೋಯಿತು, ಗಾರೆ ಬೀಳಲಿಲ್ಲ. ನಾಟಕ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅಂದಿನಿಂದ ಮತ್ತೊಬ್ಬರ ಪಾಠದ ಅವಧಿಯನ್ನು ನಾಟಕಕ್ಕೆ ಕೇಳಿಲ್ಲ. ಅಭ್ಯಾಸವೇನಿದ್ದರೂ ಸಂಜೆ ಪ್ರಾರ್ಥನೆಯ ಅನಂತರ.

ಹುಡುಗನು ಕಾಲೇಜಿಗೆ ಮರಳಿದ. ರಜೆ ಬಂದಾಗಲೆಲ್ಲ ಗಣಿತದ ಅಧ್ಯಾಪಕರ ಮನೆಯಲ್ಲಿ ಕುಳಿತು ಓದಿದ. ಹಳೆಯ ವಿದ್ಯಾರ್ಥಿಯೊಬ್ಬರು ಹೆಸರು ಹೇಳಬೇಡಿರೆಂದು ಕೇಳಿಕೊಂಡು ಅವನ ಶುಲ್ಕವನ್ನು ಕಟ್ಟಿದರು. ನಾಲ್ಕು ವರ್ಷದ ಪದವಿ ಅವನಿಗೆ ಐದು ವರ್ಷ ಹಿಡಿಯಿತು. ಈಗ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಸಹಾಯಕ ಎಂಜಿನಿಯರನಾಗಿದ್ದಾನೆ. ಪ್ರಥಮ ದರ್ಜೆಯಲ್ಲ, ಪದಕವಿಲ್ಲ. ವಾರ್ಷಿಕ ವರದಿಯಲ್ಲಿ ಅವನ ಹೆಸರು ಬರಲಿಲ್ಲ.

ನಮ್ಮ ಕರ್ತವ್ಯ

ಈ ವಿದ್ಯೆಯನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸತೊಡಗಿದ್ದು ಬಹಳ ಹಿಂದಿನ ಮಾತಲ್ಲ. ೧೮೮೨ರಲ್ಲಿ ಜರ್ಮನಿಯ ಡಾರ್ಮ್‌ಷ್ಟಾಟ್‌ನಲ್ಲಿ ಇದಕ್ಕಾಗಿಯೇ ಪ್ರಾಧ್ಯಾಪಕ ಪೀಠವೊಂದು ಸ್ಥಾಪಿತವಾಯಿತು. ಅದೇ ವರ್ಷ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗದ ಆಶ್ರಯದಲ್ಲಿ ಪಾಠಗಳು ಆರಂಭವಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೧೯೧೧ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ವಿದ್ಯುತ್ ತಂತ್ರವಿದ್ಯೆಯು ಅದರ ಮೊದಲ ವಿಭಾಗಗಳಲ್ಲೊಂದಾಗಿತ್ತು. ತುಮಕೂರಿನ ಸಿದ್ಧಗಂಗಾ ಮಠ, ಸುತ್ತೂರು ಮಠಗಳ ಆಶ್ರಯದಲ್ಲಿ ೧೯೬೩ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿ, ಹಳ್ಳಿಯ ಮಕ್ಕಳಿಗೂ ಈ ವಿದ್ಯೆ ಎಟುಕಿತು. ೨೦೨೧ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅನುಮತಿ ನೀಡಿತು. ಕನ್ನಡ ಪಂಡಿತನಾದ ನನಗೆ ಇದು ಸಂತೋಷದ ಸಂಗತಿ. ಆದರೆ ಕಾಲ್ಪನಿಕವೆಂಬ ಪದದ ಕಥೆಯನ್ನು ನೆನೆದರೆ, ಪದವು ಕನ್ನಡದ್ದಾದ ಮಾತ್ರಕ್ಕೆ ಅರ್ಥ ಕೈಗೂಡುವುದಿಲ್ಲವೆಂಬುದು ಸ್ಪಷ್ಟ. ಯಾವ ಭಾಷೆಯಲ್ಲೇ ಕಲಿಸಲಿ, ಪದವನ್ನು ಬಿಡಿಸಿ ವಸ್ತುವನ್ನು ತೋರಿಸುವವರು ಬೇಕು.

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ವ್ಯಾಸಂಗದ ಮೊದಲ ಕಲ್ಲುಗಳನ್ನು ಇಡುವವರು ನಾವು. ತ್ರಿಕೋನಮಿತಿಯನ್ನು ಅಂಗಳದಲ್ಲಿ ಅಳೆದು ಕಲಿಸೋಣ; ಗಣಿತ, ವಿಜ್ಞಾನಗಳ ಪಾರಿಭಾಷಿಕ ಪದಗಳನ್ನು ಭಾಷೆಯ ಅಧ್ಯಾಪಕರೂ ಆ ವಿಷಯದ ಅಧ್ಯಾಪಕರೂ ಜೊತೆಯಾಗಿ ಕುಳಿತು ಬಿಡಿಸೋಣ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಾದವರು ಬೇಸಗೆಯ ರಜೆಯಲ್ಲಿ ಒಂದು ವಾರ ಶಾಲೆಗೆ ಬಂದು, ಹೊಸದಾಗಿ ಕಾಲೇಜಿಗೆ ಹೊರಟ ಮಕ್ಕಳ ಜೊತೆ ಕುಳಿತರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲ.

ದಾನಿ ಮಹಾಶಯರಲ್ಲಿ ಒಂದೇ ಪ್ರಾರ್ಥನೆ. ಈ ವ್ಯಾಸಂಗದ ಅತ್ಯಂತ ಕಡಿದಾದ ಮೆಟ್ಟಿಲು ಮೊದಲನೆಯದು. ಹಳ್ಳಿಯ ಮಗುವಿಗೆ ಹೊಸ ಊರು, ಹೊಸ ಭಾಷೆ, ಹೊಸ ಗಣಿತ ಮೂರೂ ಒಮ್ಮೆಗೇ ಎದುರಾಗುವುದು ಅಲ್ಲಿಯೇ. ಅಲ್ಲಿ ಕಾಲು ಜಾರಿದ ಗಳಿಗೆಯಲ್ಲಿಯೇ ನಿಯಮದ ಹೆಸರಿನಲ್ಲಿ ಕೈ ಹಿಂದೆಗೆದರೆ, ಎದ್ದು ನಿಲ್ಲಬಲ್ಲವನೂ ಏಳಲಾರ. ಉತ್ತೀರ್ಣರಾದವರಿಗೆ ಬಹುಮಾನ ಕೊಡಿ, ಅದು ಉಚಿತವೇ. ಆದರೆ ಒಂದೆರಡು ವಿಷಯಗಳಲ್ಲಿ ಹಿಂದೆ ಬಿದ್ದವರಿಗೆ ಇನ್ನೊಂದು ವರ್ಷದ ನೆರವನ್ನು ಮೀಸಲಿಡಿ. ಪಂಕ್ತಿಯಲ್ಲಿ ತಡವಾಗಿ ಬಂದು ಕುಳಿತವನಿಗೂ ಎಲೆ ಹಾಕುವುದು ನಮ್ಮ ಮಠದ ದಾಸೋಹದ ರೀತಿ. ವಿದ್ಯಾದಾಸೋಹಕ್ಕೂ ಅದೇ ರೀತಿ ಸಲ್ಲಬೇಕು.

ಸುರುಳಿಯಲ್ಲಿ ಪ್ರವಾಹ ತಡವಾಗಿ ಬರುತ್ತದೆ; ಆದರೆ ಬಂದೇ ಬರುತ್ತದೆ. ಎಷ್ಟು ತಡವೆಂಬುದನ್ನು ಅಳೆದು ಅದಕ್ಕೆ ತಕ್ಕ ನೆರವನ್ನು ಒದಗಿಸುವುದು ಎಂಜಿನಿಯರನ ವಿದ್ಯೆಯಾದರೆ, ಶಿಷ್ಯರ ವಿಷಯದಲ್ಲಿ ಅದನ್ನೇ ಮಾಡುವುದು ನಮ್ಮ ವಿದ್ಯೆ. ಅನಧಿಕಾರಿಯ ಈ ಬರಹದಲ್ಲಿ ದೋಷಗಳಿದ್ದರೆ ಬಲ್ಲವರು ಮನ್ನಿಸಿ ತಿದ್ದಬೇಕೆಂದು ಬೇಡುತ್ತೇನೆ.